ಹಬ್ಬದೂಟದ ಗದ್ದಲದಲ್ಲಿ ಅಜ್ಜಿಯ ಮೌನ

ಹಬ್ಬದ ದಿನ ಆದೋನಿಯ ನಮ್ಮ ಮನೆಗಳಲ್ಲಿ ಹತ್ತು ಜನ ಊಟಕ್ಕೆ ಕುಳಿತರೆ ಹಿರಿಯರ ಕನ್ನಡ, ಮೊಮ್ಮಕ್ಕಳ ತೆಲುಗು, ಜತೆಗೆ ಟಿ.ವಿ. ಎಲ್ಲವೂ ಒಟ್ಟಿಗೇ. ನಡುವೆ ಅಜ್ಜಿ ಸುಮ್ಮನೆ ನಗುತ್ತಾ ಕೂತಿರುತ್ತಾರೆ. ಒಬ್ಬರೇ ಇದ್ದಾಗ ಮಾತಾಡಿಸಿದರೆ ಸರಿಯಾಗಿಯೇ ಉತ್ತರಿಸುತ್ತಾರಲ್ಲ! 'ತಮಗೆ ಬೇಕಾದ್ದು ಮಾತ್ರ ಕೇಳಿಸುತ್ತೆ' ಎಂದು ನಾವು ಗೊಣಗುತ್ತೇವೆ. ಅದು ಅನ್ಯಾಯ.

ವಯಸ್ಸಾದಂತೆ ಒಳಕಿವಿಯ ಸೂಕ್ಷ್ಮ ಕೋಶಗಳು ಸವೆದು, ತೆಳ್ಳನೆಯ ಸದ್ದುಗಳು ಮೊದಲು ಮಸುಕಾಗುತ್ತವೆ. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ತಪ್ಪುತ್ತವೆ. ಸಾಲು, ಕಾಲು, ಪಾಲು ಎಲ್ಲ ಒಂದೇ! ನಿಶ್ಶಬ್ದದಲ್ಲಾದರೆ ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಹಲವು ದನಿಗಳಲ್ಲಿ ಬೇಕಾದ ಒಂದನ್ನು ಹೆಕ್ಕುವ ಶಕ್ತಿಯೂ ವಯಸ್ಸಿನೊಂದಿಗೆ ಕುಗ್ಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಕಾಲಿನ್ ಚೆರಿ 1953ರಲ್ಲಿ ಇದಕ್ಕೆ 'ಕಾಕ್‌ಟೇಲ್ ಪಾರ್ಟಿ ಸಮಸ್ಯೆ' ಎಂದು ಹೆಸರಿಟ್ಟರು. ನಮ್ಮಲ್ಲಾದರೆ ಹಬ್ಬದೂಟದ ಸಮಸ್ಯೆ ಅನ್ನಬೇಕು. ಮನೆಮಾತಲ್ಲದ ಭಾಷೆಯಾದರೆ ಊಹೆ ಇನ್ನೂ ಕಷ್ಟ. ಹತ್ತಿ ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿಗೆ ಪೆಟ್ಟು ಬೇಗನೆ ಬಿದ್ದಿರಬಹುದು.

ಕೂಗಿದರೆ ದನಿ ಒಡೆಯುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಶ್ರವಣ ಸಾಧನವೂ ಗದ್ದಲವನ್ನು ಸೇರಿಸಿಯೇ ಹಿಗ್ಗಿಸುತ್ತದೆ. 'ಪ್ರಯೋಜನವಿಲ್ಲ' ಎಂದು ಪೆಟ್ಟಿಗೆಗೆ ಸೇರಿಸುವ ಮುನ್ನ ತಜ್ಞರಲ್ಲಿ ಮತ್ತೆ ಹೊಂದಿಸಿಕೊಳ್ಳಬೇಕು. ಮುಂದಿನ ಹಬ್ಬಕ್ಕೆ ಟಿ.ವಿ. ಆರಿಸೋಣ. ಅಜ್ಜಿಯನ್ನು ಸಾಲಿನ ನಡುವೆ ಬೇಡ, ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕೂರಿಸೋಣ. ಎದುರಿಗೆ, ಮುಖಕ್ಕೆ ಬೆಳಕು ಬೀಳುವಂತೆ, ಕನ್ನಡ ಬಲ್ಲ ಒಬ್ಬ ಮೊಮ್ಮಗಳನ್ನು.