ಬೆನ್ನಿಗೊಂದು ಚೀಲ, ಜತೆಗೊಬ್ಬ ಗೆಳೆಯ, ದಾರಿಯುದ್ದಕ್ಕೂ ನೀರು

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ. ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನ ಪಾದಕ್ಕೆ ಕೈ ಮುಗಿದು ಇಳಿಯುತ್ತಾರೆ. ಇವೆರಡರ ನಡುವೆ ಕಿಟಕಿಯಾಚೆ ಸರಿದುಹೋಗುವ ಕೆರೆ, ಕೊಳ, ಕಲ್ಯಾಣಿಗಳ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ಬಾಡಿಗೆ ಕಾರಿನಲ್ಲಿ ಬಂದವರಿಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ. ಆದರೆ ಬೆನ್ನಿಗೊಂದು ಚೀಲ ಏರಿಸಿಕೊಂಡು, ಮೂರು ದಿನದ ಬಿಡುವು ಮಾಡಿಕೊಂಡು, ಗೆಳೆಯನ ಜತೆ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯುವವರಿಗೆ ಈ ಸೀಮೆಯ ನಿಜವಾದ ಯಜಮಾನ ಯಾರೆಂದು ತಾನಾಗಿ ತಿಳಿಯುತ್ತದೆ. ಅದು ನೀರು.

ಈ ದಾರಿ ಶುರುವಾಗುವುದು ಪಾಂಡವಪುರದಿಂದ. ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯಿತು. ಊರ ಪಕ್ಕದಲ್ಲೇ ಕುಂತಿಬೆಟ್ಟ. ಸುತ್ತಲೂ ಕನ್ನಂಬಾಡಿಯ ನಾಲೆ ನೀರು ಕುಡಿದು ಬೆಳೆದ ಕಬ್ಬು, ಭತ್ತ. ಬೆಂಗಳೂರು–ಮೈಸೂರು ರೈಲು ದಾರಿಯಲ್ಲಿ ನಿಲ್ದಾಣವಿರುವುದರಿಂದ ಎರಡೂ ಕಡೆಯವರಿಗೆ ಅನುಕೂಲ.

ಒಡೆದು ಕಟ್ಟಿದ ಕೆರೆ

ಪಾಂಡವಪುರದಿಂದ ಸುಮಾರು ಹತ್ತು ಕಿಲೋಮೀಟರು ಹೋದರೆ ಕೆರೆ ತೊಣ್ಣೂರು. ಎರಡು ಕಲ್ಲುಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ನಿಲ್ಲಿಸಿದ ನೀರು ಇದು. ಚೋಳರ ನಾಡು ಬಿಟ್ಟು ಬಂದ ರಾಮಾನುಜಾಚಾರ್ಯರು ಹನ್ನೆರಡನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದರು, ಕೆರೆ ಅವರೇ ಕಟ್ಟಿಸಿದ್ದು ಎಂಬುದು ಐತಿಹ್ಯ. 1746ರಲ್ಲಿ ಬಂದ ನಾಸಿರ್ ಜಂಗ್ ನೀರಿನ ತಿಳಿಯನ್ನು ಕಂಡು ಬೆರಗಾಗಿ ‘ಮೋತಿ ತಾಲಾಬ್’, ಅಂದರೆ ಮುತ್ತಿನ ಕೆರೆ ಎಂದು ಕರೆದನಂತೆ. ನಂಬಿನಾರಾಯಣನ ಗುಡಿ, ಒಂದು ಹಳೆಯ ದರ್ಗಾ ಎರಡೂ ಈ ಊರಿನಲ್ಲಿವೆ.

ಏರಿಯ ಮೇಲೆ ನಿಂತವರು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಶತ್ರುಸೇನೆಗೆ ನೀರು ದಕ್ಕಬಾರದೆಂದು ಟಿಪ್ಪು ಸುಲ್ತಾನ್ ಈ ಕೆರೆಯ ಏರಿಯನ್ನು ಒಡೆಸಿದ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತೊಣ್ಣೂರಿಗೂ ಬಂದು ಈ ಕೆರೆಯ ವಿಷಯ ಬರೆದಿಟ್ಟ. ಏರಿ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ. ಮತ್ತೆ ಕಟ್ಟಿ, ಕೆಳಗಿನ ಗದ್ದೆಗೆ ನೀರು ಹರಿಸಲು ವರ್ಷಗಳೇ ಬೇಕು. ಯುದ್ಧದಲ್ಲಿ ಸೋತವರಾರು, ಗೆದ್ದವರಾರು ಎಂಬುದು ಪಠ್ಯಪುಸ್ತಕದಲ್ಲಿದೆ. ಅಚ್ಚುಕಟ್ಟಿನ ರೈತ ಆ ವರ್ಷ ಏನು ಉಂಡ ಎಂಬುದು ಎಲ್ಲಿಯೂ ಇಲ್ಲ.

ತೊಣ್ಣೂರಿನ ನೀರು ಕಣ್ಣಿಗೆ ಎಷ್ಟು ತಿಳಿಯೋ ಅಷ್ಟೇ ಆಳ. ಈಜು ಬಲ್ಲವನೆಂಬ ಧೈರ್ಯದಲ್ಲಿ ಇಳಿಯುವುದು ಬೇಡ. ಜತೆಗಾರ ಬೇಕೆನ್ನುವುದು ಇಂಥ ಕಡೆಗೇ. ‘ಬೇಡ ಕಣೋ, ದಡದಲ್ಲೇ ಕೂರೋಣ’ ಎನ್ನಲು ಒಬ್ಬ ಇದ್ದರೆ ಮನೆಯವರು ನೆಮ್ಮದಿಯಾಗಿರುತ್ತಾರೆ.

ಬೆಟ್ಟದ ಮೇಲೆ ಮಳೆಯೇ ಗತಿ

ತೊಣ್ಣೂರಿನಿಂದ ಮುಖ್ಯರಸ್ತೆಗೆ ಬಂದು, ಜಕ್ಕನಹಳ್ಳಿ ಹಾದು ಮೇಲುಕೋಟೆಗೆ ಹೋಗಬೇಕು. ಬಸ್ಸಿಗಾಗಿ ಕಾಯುವುದು ಈ ದಾರಿಯಲ್ಲಿ ತಪ್ಪದ ಕೆಲಸ. ಇಬ್ಬರಿದ್ದರೆ ಅದು ಬೇಸರವಾಗದು. ಒಬ್ಬ ಚೀಲ ಕಾಯುತ್ತಾನೆ, ಇನ್ನೊಬ್ಬ ಎರಡು ಲೋಟ ಚಹಾ ತರುತ್ತಾನೆ.

ಮೇಲುಕೋಟೆಯ ಬೆಟ್ಟದ ಮೇಲೆ ಹೊಳೆಯಿಲ್ಲ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡೇ ಈ ಊರು ಶತಮಾನಗಳಿಂದ ಬದುಕಿತು. ಊರ ತುಂಬ ಕೊಳಗಳಿರುವುದು ಈ ಕಾರಣಕ್ಕೆ. ಯೋಗಾನರಸಿಂಹನ ಬೆಟ್ಟದ ಬುಡದ ಕಲ್ಯಾಣಿ ಸಿನಿಮಾದವರಿಗೂ ಪರಿಚಿತ. ಸ್ವಲ್ಪ ದೂರದಲ್ಲಿ ಅಕ್ಕ-ತಂಗಿ ಕೊಳ: ಪಕ್ಕಪಕ್ಕದಲ್ಲೇ ಎರಡು. ಒಂದರ ನೀರು ಕುಡಿಯಲು, ಮತ್ತೊಂದರದು ಮೇಲುಬಳಕೆಗೆ ಎಂದು ಊರಿನವರು ಹೇಳುತ್ತಾರೆ. ಕುಡಿಯುವ ನೀರಿಗೆ ಕಾಲಿಡಬಾರದು ಎಂಬ ಪಾಠವನ್ನು ಕತೆಯಾಗಿಸಿ ಮಕ್ಕಳಿಗೆ ಕಲಿಸುವ ಜಾಣತನ ಹಿರಿಯರಿಗಿತ್ತು.

ಇದು ಪು.ತಿ. ನರಸಿಂಹಾಚಾರ್ ಅವರ ಊರು. ಪುಳಿಯೋಗರೆಯ ಊರು ಕೂಡ. ರಾತ್ರಿ ಇಲ್ಲಿಯೇ ತಂಗುವುದು ಲೇಸು. ವೈರಮುಡಿ ಉತ್ಸವದ ಹೊತ್ತಿನಲ್ಲಿ ಮಾತ್ರ ಜಾಗ ಸಿಗುವುದು ಕಷ್ಟ. ಮರುದಿನ ಬೆಳಿಗ್ಗೆ ಪೂರ್ತಿಯಾಗದೆ ನಿಂತ ರಾಯಗೋಪುರ ನೋಡಿಕೊಂಡು ಇಳಿಯಬಹುದು.

ಜಗಳವಾಗದ ಉಪಾಯ

ಗೆಳೆತನ ಪರೀಕ್ಷೆಗೆ ಒಳಗಾಗುವುದು ಸಾಮಾನ್ಯವಾಗಿ ಎರಡನೇ ದಿನ. ಒಬ್ಬನಿಗೆ ಶಾಸನದ ಮುಂದೆ ಅರ್ಧ ಗಂಟೆ ನಿಲ್ಲುವಾಸೆ, ಇನ್ನೊಬ್ಬನಿಗೆ ಹೊಟ್ಟೆ ಹಸಿವು. ಅನುಭವಸ್ಥರು ಅನುಸರಿಸುವ ಉಪಾಯ ಸರಳ. ದಿನಕ್ಕೊಂದು ಜಾಗ ಒಬ್ಬನ ಇಷ್ಟದ್ದು, ಒಂದು ಜಾಗ ಇನ್ನೊಬ್ಬನದು, ಅದಕ್ಕೆ ಎದುರಾಡುವಂತಿಲ್ಲ. ಖರ್ಚಿನ ಹಣ ಮೊದಲೇ ಸಮನಾಗಿ ಒಂದು ಕಡೆ ಹಾಕಿಟ್ಟರೆ ಲೆಕ್ಕದ ಕಿರಿಕಿರಿ ಇರದು. ಚೀಲಕ್ಕೆ ಎರಡು ಜತೆ ಬಟ್ಟೆ, ಟವೆಲು, ಟಾರ್ಚು, ನೀರಿನ ಬಾಟಲಿ ಸಾಕು. ಉಳಿದದ್ದೆಲ್ಲ ಹೊರೆ.

ಮುಂದಿನ ಊರು ಕಿಕ್ಕೇರಿ. ನೇರ ಬಸ್ಸು ಸಿಗದಿದ್ದರೆ ನಡುವೆ ಬದಲಿಸಬೇಕಾಗುತ್ತದೆ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಇಲ್ಲಿ. ಹೊಯ್ಸಳರ ಒಂದನೇ ನರಸಿಂಹನ ಕಾಲದಲ್ಲಿ, 1171ರಲ್ಲಿ, ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯ ಕೆರೆಯ ಪಕ್ಕದಲ್ಲೇ ಇದೆ. ಪ್ರವಾಸಿಗರ ನೂಕುನುಗ್ಗಲಿಲ್ಲ.

ಇಂಥ ಊರುಗಳಲ್ಲಿ ಹಿಂದೆ ನೀರುಗಂಟಿ ಎಂಬಾತ ಇರುತ್ತಿದ್ದ. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡುವುದು ಅವನ ಹೊಣೆ. ಸಂಬಳ ಸುಗ್ಗಿಯ ಕಣದಲ್ಲೇ, ಭತ್ತದ ರೂಪದಲ್ಲಿ. ಬೆಳೆ ಬಂದರೆ ಅವನಿಗೂ ಊಟ. ಕೆರೆ ಕಾಯುವವನ ಹೊಟ್ಟೆಯನ್ನೂ ಕೆರೆಗೇ ಕಟ್ಟಿಹಾಕಿದ ಏರ್ಪಾಡು ಅದು. ಏರಿ ಒಡೆಯಲು ಇಂದು ಸೈನ್ಯ ಬರಬೇಕಿಲ್ಲ. ಕೆರೆಗೆ ನೀರು ತರುವ ಹಳ್ಳ ಮುಚ್ಚಿದರೆ, ಹೂಳು ತೆಗೆಯದೆ ಬಿಟ್ಟರೆ ಪರಿಣಾಮ ಒಂದೇ.

ಕೊನೆಯ ನಿಲ್ದಾಣ ಶ್ರವಣಬೆಳಗೊಳ. ಬಿಳಿಯ ಕೊಳದಿಂದ ಊರಿಗೆ ಬೆಳಗೊಳವೆಂಬ ಹೆಸರು ಬಂತು. ವಿಂಧ್ಯಗಿರಿ, ಚಂದ್ರಗಿರಿಗಳ ನಡುವಿನ ಕಲ್ಯಾಣಿಯನ್ನು ಕಟ್ಟಿಸಿದ ಕೀರ್ತಿ ಮೈಸೂರಿನ ಚಿಕ್ಕದೇವರಾಜ ಒಡೆಯರದು. 981ರ ಸುಮಾರಿಗೆ ನಿಂತ 58 ಅಡಿಯ ಗೊಮ್ಮಟನನ್ನು ನೋಡಲು ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರುವ ಮುನ್ನ ಹತ್ತಿದರೆ ಪಾದಕ್ಕೆ ಕ್ಷೇಮ. ಅರ್ಧ ದಾರಿಯಲ್ಲಿ ಕೂತು ಹಿಂದಿರುಗಿ ನೋಡಿದರೆ ಕೆಳಗೆ ಚೌಕಾಕಾರದ ನೀರು, ಅದನ್ನು ಸುತ್ತುವರಿದ ಮನೆಗಳು. ದೇವರು ಬೆಟ್ಟದ ಮೇಲಿದ್ದರೂ ಊರು ನಿಂತಿರುವುದು ನೀರಿನ ಬದಿಯಲ್ಲಿ. ಇಲ್ಲಿಂದ ಬೆಂಗಳೂರಿಗೂ ಹಾಸನಕ್ಕೂ ರೈಲುಂಟು.