ತಟ್ಟೆ ಕೆಟ್ಟಿತೋ, ಯಂತ್ರ ಕೆಟ್ಟಿತೋ?

ಡಿವಿಡಿ ಯಂತ್ರದ ಆರೈಕೆಯನ್ನು ಕುರಿತು ಮಾತನಾಡಲು, ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲ. ಅಗತ್ಯ ಬಿದ್ದಿತು, ಕಲಿತೆ. ಕಲಿತದ್ದರಲ್ಲಿ ನಾಲ್ಕು ಮಾತು ಇನ್ನೊಬ್ಬರಿಗೂ ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಇಲ್ಲಿ ಕುಳಿತಿದ್ದೇನೆ.

ನಮ್ಮ ಮಗಳ ಮದುವೆ ನಡೆದದ್ದು 2008ರಲ್ಲಿ. ಅಂದು ನನ್ನ ತಾಯಿ, ಹಸೆಗೆ ಕರೆಯುವ ಹಾಡಿನಿಂದ ಆರತಿಯ ಹಾಡಿನವರೆಗೆ ಒಟ್ಟು ಒಂಬತ್ತು ಹಾಡುಗಳನ್ನು ಹೇಳಿದರು. ಆಗ ಅವರಿಗೆ 78 ವರ್ಷ. ಆ ಹಾಡುಗಳಲ್ಲಿ ಕೆಲವನ್ನು ನಾನು ಯಾವ ಸಂಗ್ರಹದಲ್ಲಿಯೂ ಕಂಡಿಲ್ಲ. ತರಗತಿಯಲ್ಲಿ ಜನಪದ ಸಾಹಿತ್ಯದ ಹಿರಿಮೆಯನ್ನು ವರ್ಷವರ್ಷವೂ ಬಣ್ಣಿಸುತ್ತಿದ್ದ ನಾನು ಮನೆಯ ಹಾಡುಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ವಿಡಿಯೋ ತೆಗೆದವರು ಕೊಟ್ಟ ತಟ್ಟೆಯಲ್ಲಿ ಎಲ್ಲವೂ ಇದೆಯಲ್ಲ ಎಂಬ ಧೈರ್ಯ. ತಾಯಿ 2012ರಲ್ಲಿ ತೀರಿಕೊಂಡರು. ಕಳೆದ ಮಳೆಗಾಲದಲ್ಲಿ ತಂಗಿ ಬಂದಿದ್ದಾಗ ಆ ತಟ್ಟೆಯನ್ನು ಹಾಕಿ ಕುಳಿತೆವು. ಆರನೆಯ ಹಾಡಿನ ನಡುವೆ ಚಿತ್ರವು ಚೌಕಚೌಕವಾಗಿ ಒಡೆದು, ತಾಯಿಯ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

ಮರುದಿನ ಯಂತ್ರವನ್ನೂ ತಟ್ಟೆಯನ್ನೂ ಚೀಲದಲ್ಲಿಟ್ಟುಕೊಂಡು ಒಂದು ಅಂಗಡಿಗೆ ಹೋದೆ. “ಇದನ್ನೆಲ್ಲ ಈಗ ಯಾರು ರಿಪೇರಿ ಮಾಡುತ್ತಾರೆ ಸಾರ್, ಎರಡನ್ನೂ ಎಸೆದುಬಿಡಿ” ಎಂದರು. ಎಸೆಯುವುದಾದರೂ ಯಾವುದನ್ನು? ಕೆಟ್ಟದ್ದು ತಟ್ಟೆಯೋ, ತಟ್ಟೆಯನ್ನು ಓದುವ ಯಂತ್ರವೋ? ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಓದಿದವನಿಗೆ ಇದು ಹಳೆಯ ಪ್ರಶ್ನೆ. ಓಲೆಗರಿಯಲ್ಲಿ ಒಂದು ಅಕ್ಷರ ತಿಳಿಯದಿದ್ದರೆ, ಗರಿ ಸವೆದಿದೆಯೋ, ನಮ್ಮ ಕಣ್ಣು ಮಂಜಾಗಿದೆಯೋ ಎಂಬುದನ್ನು ಮೊದಲು ನಿಶ್ಚಯಿಸಬೇಕು.

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲಿ, 1996ರ ಕೊನೆಯಲ್ಲಿ. ತಟ್ಟೆಯ ಅಗಲ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು, ಅಳತೆಯಲ್ಲಿ ಹಳೆಯ ಸಿಡಿಯಂತೆಯೇ. ಆದರೆ ಇದು 0.6 ಮಿಲಿಮೀಟರಿನ ಎರಡು ಹಾಳೆಗಳನ್ನು ಅಂಟಿಸಿ ಮಾಡಿದ್ದು. ಬರವಣಿಗೆ ಇರುವುದು ಅವೆರಡರ ನಡುವೆ. ಸಿಡಿಯಲ್ಲಿ ಅದು ಹೆಸರು ಬರೆದ ಮೇಲ್ಮೈಯ ಅಡಿಯಲ್ಲಿಯೇ ಇರುತ್ತದೆ. ಆದಕಾರಣ ಸಿಡಿಗೆ ಬೆನ್ನಿನ ಮೇಲಿನ ಗೀರು ಮಾರಕ. ಡಿವಿಡಿಯ ಬೆನ್ನು ಅಷ್ಟು ದುರ್ಬಲವಲ್ಲ. ಬರವಣಿಗೆಯು ಒಂದೇ ಸುರುಳಿಯಾಗಿ ನಡುವಿನಿಂದ ಅಂಚಿಗೆ ಸಾಗುತ್ತದೆ. ನಮ್ಮ ಗ್ರಾಮಫೋನ್ ತಟ್ಟೆ ಅಂಚಿನಿಂದ ನಡುವಿಗೆ ಬರುತ್ತಿದ್ದುದನ್ನು ಹಿರಿಯರು ನೆನೆಯಬಹುದು. ಸುರುಳಿಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 0.74 ಮೈಕ್ರಾನ್ ಮಾತ್ರ ಅಂತರ. ಒಂದು ತಲೆಗೂದಲನ್ನು ತಟ್ಟೆಯ ಮೇಲಿಟ್ಟರೆ ಅದರ ಅಗಲದ ಅಡಿಯಲ್ಲಿ ನೂರರ ಆಸುಪಾಸು ಸಾಲುಗಳು ಅಡಗುತ್ತವೆ. ಇವನ್ನು ಓದುವುದು 650 ನ್ಯಾನೋಮೀಟರ್ ತರಂಗದ ಕೆಂಪು ಲೇಸರ್ ಬೆಳಕು. ಅದನ್ನು ಸಾಲಿನ ಮೇಲೆ ನಿಲ್ಲಿಸುವುದು ಬಟಾಣಿಕಾಳಿನಷ್ಟು ಸಣ್ಣ ಮಸೂರ. ತಟ್ಟೆ ತುಸು ಓಲಾಡಿದರೂ ಜೊತೆಗೆ ಏರಿಳಿಯಬೇಕಾದುದರಿಂದ ಆ ಮಸೂರವನ್ನು ನವಿರಾದ ತಂತಿಗಳ ಮೇಲೆ ತೂಗಬಿಟ್ಟಿರುತ್ತಾರೆ. ಅದರ ಮೇಲೆ ಒಂದು ಪದರ ಧೂಳು ಕುಳಿತರೆ ಸಾಕು, ಓದುವ ಕಣ್ಣಿಗೆ ಪೊರೆ ಬಂದ ಹಾಗೆ.

ಇಷ್ಟು ಸೂಕ್ಷ್ಮವಾದದ್ದು ಒಂದು ಬೆರಳಚ್ಚಿಗೇ ಏಕೆ ಕೆಡುವುದಿಲ್ಲ? ಇದಕ್ಕೆ ಉತ್ತರ ನಮ್ಮ ಛಂದಸ್ಸಿನಲ್ಲಿದೆ ಎಂದರೆ ನಗಬೇಡಿ. ಗರಿಯಲ್ಲಿ ಕಂದಪದ್ಯವೊಂದರ ಮೂರಕ್ಷರ ಹುಳ ತಿಂದಿದೆ ಎಂದುಕೊಳ್ಳಿ. ಮೊದಲ ಪಾದಕ್ಕೆ 12 ಮಾತ್ರೆ, ಎರಡನೆಯದಕ್ಕೆ 20 ಮಾತ್ರೆ ಎಂಬ ಲೆಕ್ಕ ನಮಗೆ ಗೊತ್ತಿದೆ. ಪ್ರತಿ ಪಾದದ ಎರಡನೆಯ ಅಕ್ಷರ ಪ್ರಾಸಾಕ್ಷರವೆಂಬುದೂ ಗೊತ್ತಿದೆ. ಹೋದದ್ದು ಎಷ್ಟು, ಯಾವ ಜಾತಿಯದು ಎಂದು ಉಳಿದುದರಿಂದಲೇ ಊಹಿಸಬಹುದು. ಡಿವಿಡಿಯಲ್ಲಿಯೂ ಹೀಗೆಯೇ. ಚಿತ್ರ ಮತ್ತು ಧ್ವನಿಯ ಅಂಕಿಗಳನ್ನು ಅಡ್ಡಸಾಲು ಉದ್ದಸಾಲುಗಳಾಗಿ ಜೋಡಿಸಿ, ಪ್ರತಿ ಸಾಲಿನ ಕೊನೆಗೂ ಲೆಕ್ಕ ತಾಳೆನೋಡುವ ಅಂಕಿಗಳನ್ನು ಸೇರಿಸಿರುತ್ತಾರೆ. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಕ್ರಮ ಇದರ ಬುನಾದಿ. ಪ್ರತಿ ಕಟ್ಟಿನಲ್ಲಿ ಸುಮಾರು ಎಂಟರಲ್ಲೊಂದು ಪಾಲು ಈ ಪ್ರಾಸದ ಅಂಕಿಗಳೇ. ನಮ್ಮ ಸಂಪಾದಕರ ಊಹೆ ಕೆಲವೊಮ್ಮೆ ತಪ್ಪುವುದುಂಟು. ಇಲ್ಲಿ, ಮಿತಿಯೊಳಗಿನ ಹಾನಿಯಾದರೆ ಕಳೆದ ಅಂಕಿಯೇ ಮರಳಿ ದೊರೆಯುತ್ತದೆ. ಮಿತಿ ಮೀರಿದರೆ ಮಾತ್ರ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ತಟ್ಟೆಯನ್ನು ಒರಸುವ ಕ್ರಮವೂ ಇದರಿಂದಲೇ ತಿಳಿಯುತ್ತದೆ. ಗೃಹಿಣಿಯರು ಊಟದ ತಟ್ಟೆಯನ್ನು ಒರಸುವಂತೆ ಸುತ್ತುಸುತ್ತಾಗಿ ಒರಸಬಾರದು. ಅಡ್ಡವಾಗಿ ಬಿದ್ದ ಗೀರು ಪ್ರತಿ ಸಾಲಿನಲ್ಲಿ ಒಂದಿಷ್ಟನ್ನು ಮಾತ್ರ ಕೆಡಿಸುತ್ತದೆ, ಅದನ್ನು ಯಂತ್ರ ತುಂಬಿಕೊಳ್ಳುತ್ತದೆ. ಸುರುಳಿಯ ಜಾಡಿನಲ್ಲಿಯೇ ಬಿದ್ದ ಗೀರು ಒಂದರ ಹಿಂದೊಂದು ಅಂಕಿಯನ್ನು ಅಳಿಸುತ್ತ ಹೋಗುತ್ತದೆ. ಮೆತ್ತನೆಯ ಹತ್ತಿಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ ಒರಸಬೇಕು. ಜಿಡ್ಡಿದ್ದರೆ ತಣ್ಣೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸಾಬೂನು ಸಾಕು. ಗೀರಿಗೆ ಹಲ್ಲುಪುಡಿಯ ಪೇಸ್ಟ್ ಹಚ್ಚಿ ಉಜ್ಜುವವರಿದ್ದಾರೆ. ಮೇಲುಮೇಲಿನ ಗೀರು ಅದರಿಂದ ನುಣುಪಾಗುವುದು ನಿಜ. ಆದರೆ ಇರುವುದೊಂದೇ ಪ್ರತಿಯಾದಾಗ ನಾನು ಆ ಸಾಹಸಕ್ಕೆ ಹೋಗಲಾರೆ. ಉಗುರಿನ ಬಣ್ಣ ತೆಗೆಯುವ ದ್ರವವನ್ನಂತೂ ತಟ್ಟೆಯ ಹತ್ತಿರವೂ ತರಬಾರದು, ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಮಬ್ಬು ಮಾಡುತ್ತದೆ.

ಇನ್ನು ಪರೀಕ್ಷೆ. ಮೊದಲು ಅಂಗಡಿಯಲ್ಲಿ ಕೊಂಡ ಒಂದು ಚಲನಚಿತ್ರದ ತಟ್ಟೆಯನ್ನು ಹಾಕಿದೆ, ಚೆನ್ನಾಗಿ ಓಡಿತು. ಆಮೇಲೆ ಮದುವೆಯ ತಟ್ಟೆಯನ್ನು ನೆರೆಮನೆಯ ಯಂತ್ರದಲ್ಲಿ ಹಾಕಿದೆ. ಆರನೆಯ ಹಾಡು ದಾಟಿ, ಎಂಟನೆಯದರಲ್ಲಿ ನಿಂತಿತು. ಅಂದರೆ ದೋಷ ಎರಡು ಕಡೆಯೂ ಉಂಟು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯ ಗುರುತುಗಳು ಸ್ಫುಟವಾಗಿರುತ್ತವೆ. ಮನೆಯಲ್ಲಿಯೋ ಸ್ಟುಡಿಯೋದಲ್ಲಿಯೋ ಸುಟ್ಟ ತಟ್ಟೆಯ ಗುರುತುಗಳು ಬಣ್ಣದ ಒಂದು ಪದರದಲ್ಲಿ ಮೂಡಿದ ಕಲೆಗಳು ಮಾತ್ರ. ಮಂಜುಗಣ್ಣಿನ ಯಂತ್ರವು ಮೊದಲನೆಯದನ್ನು ಹೇಗೋ ಓದಿ, ಎರಡನೆಯದರಲ್ಲಿ ತಡವರಿಸುತ್ತದೆ. ಇನ್ನೊಂದು ಗುರುತೂ ಇದೆ. ಸಿಡಿ ಓದಲು ಬೇರೆಯ, 780 ನ್ಯಾನೋಮೀಟರಿನ ಲೇಸರ್ ಇರುತ್ತದೆ. ಸಿಡಿ ಸಲೀಸಾಗಿ ಓಡಿ, ಯಾವ ಡಿವಿಡಿಯೂ ಓಡದಿದ್ದರೆ ಕೆಂಪು ಲೇಸರ್ ದಣಿದಿದೆ ಎಂದು ಶಂಕಿಸಬೇಕು. ಅದಕ್ಕೆ ಒರಸುವುದರಿಂದ ಪರಿಹಾರವಿಲ್ಲ.

ದೋಷವಲ್ಲದ್ದನ್ನು ದೋಷವೆಂದು ಭ್ರಮಿಸುವುದೂ ಉಂಟು. ದೊಡ್ಡ ಚಿತ್ರಗಳ ತಟ್ಟೆಯಲ್ಲಿ ಒಂದರ ಮೇಲೊಂದು ಎರಡು ಪದರ ಬರವಣಿಗೆ ಇರುತ್ತದೆ. ಒಂದು ಮುಗಿದು ಇನ್ನೊಂದಕ್ಕೆ ಬೆಳಕು ದಾಟುವಾಗ ಚಿತ್ರ ಒಂದು ಕ್ಷಣ ತಡೆದರೆ ಗಾಬರಿ ಬೇಡ. ಅಮೆರಿಕದಲ್ಲಿರುವ ಮಗ ಅಲ್ಲಿಯೇ ಕೊಂಡ ಚಿತ್ರವನ್ನು ಕಳುಹಿಸಿದರೆ ನಮ್ಮ ಯಂತ್ರ ನಿರಾಕರಿಸಬಹುದು. ಅದು ಒಂದನೆಯ ವಲಯದ್ದು, ಭಾರತವಿರುವುದು ಐದನೆಯ ವಲಯದಲ್ಲಿ. ವ್ಯಾಪಾರಿಗಳು ಹಾಕಿದ ಬೇಲಿ. ಅದೇ ಮಗ ಮೊಮ್ಮಗುವಿನ ಹುಟ್ಟುಹಬ್ಬವನ್ನು ತಾನೇ ತಟ್ಟೆಗೆ ಇಳಿಸಿ ಕಳುಹಿಸಿದರೆ ಬೇಲಿಯೇನೂ ಇರದು. ಆದರೆ ಅಲ್ಲಿಯ ಚಿತ್ರಕ್ರಮ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಹಳೆಯ ಟೆಲಿವಿಷನ್ನಿನಲ್ಲಿ ಚಿತ್ರ ಕಪ್ಪುಬಿಳುಪಾಗಿ ಕಂಡರೆ ಯಂತ್ರದ ಸೆಟ್ಟಿಂಗಿನಲ್ಲಿ ಕ್ರಮವನ್ನು ಬದಲಿಸಿ ನೋಡಬೇಕು.

ಯಂತ್ರವನ್ನು ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಒಳಗಿನ ವಿದ್ಯುತ್ ಫಲಕದಲ್ಲಿರುವ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಮೀರಿದ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರಬಹುದು. ನಾನು ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬಿಚ್ಚಿದೆ. ಆಗಲೂ ಆ ಫಲಕವನ್ನು ಮುಟ್ಟಲಿಲ್ಲ. ಮುಚ್ಚಳ ತೆರೆದಿಟ್ಟು ಯಂತ್ರವನ್ನು ಓಡಿಸಿ ಮಸೂರದೊಳಗೆ ಇಣುಕುವುದಂತೂ ಸಲ್ಲದು. ಲೇಸರ್ ಕಣ್ಣಿಗೆ ಹಾನಿ. ವಿದ್ಯುತ್ತಿನ ಭಯವಿರುವವರು ಈ ಕೆಲಸವನ್ನು ಬಲ್ಲವರಿಂದ ಮಾಡಿಸುವುದೇ ಲೇಸು. ಮಸೂರವನ್ನು ಒರಸಲು ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು. ಹತ್ತಿ ಸುತ್ತಿದ ಕಡ್ಡಿಯ ತುದಿಯನ್ನು ಅದರಲ್ಲಿ ತೇವಮಾಡಿ, ತೊಟ್ಟಿಕ್ಕದಂತೆ ಹಿಂಡಿ, ಮಸೂರದ ಮೇಲೆ ಭಾರ ಬಿಡದೆ ಎರಡು ಸುತ್ತು ತಿರುಗಿಸಬೇಕು. ಎಳೆಗೂಸಿನ ಕಣ್ಣು ಒರಸಿದಂತೆ ಎಂದು ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. ಅದಕ್ಕಿಂತ ಒಳ್ಳೆಯ ಉಪಮೆ ನನಗೆ ಹೊಳೆದಿಲ್ಲ. ಹತ್ತಿ ಬೂದುಬಣ್ಣಕ್ಕೆ ತಿರುಗಿತು. ಕುಂಚ ಅಂಟಿಸಿದ ಶುದ್ಧಿಯ ತಟ್ಟೆಗಳೂ ಮಾರಾಟಕ್ಕಿವೆ. ಒಣ ಧೂಳಿಗೆ ಅವು ಸರಿ, ಅಡುಗೆಮನೆಯ ಜಿಡ್ಡು ಹತ್ತಿದ ಮಸೂರಕ್ಕೆ ಅವುಗಳಿಂದ ಹೆಚ್ಚೇನೂ ಆಗದು.

ಬಿಚ್ಚಿದ್ದಾಗಲೇ ಇನ್ನೊಂದು ಕೆಲಸವಾಯಿತು. ನಮ್ಮ ಯಂತ್ರದ ತಟ್ಟೆಮಣೆ ಹಲವು ತಿಂಗಳಿಂದ ಹೊರಗೆ ಬರಲು ಮುನಿಸಿಕೊಂಡಿತ್ತು, ಬೆರಳಿನಿಂದ ಎಳೆಯುತ್ತಿದ್ದೆವು. ಮೋಟಾರಿಗೂ ಹಲ್ಲಿನ ಚಕ್ರಕ್ಕೂ ನಡುವೆ ಬಳೆಗಿಂತ ಸಣ್ಣದಾದ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದು ಹಿಗ್ಗಿ ಜಾರುತ್ತಿತ್ತು. ಅದೇ ಅಳತೆಯ ಹೊಸದನ್ನು ಹುಡುಕಿ ಹಾಕಿದೆ. ಬೆಲೆ ಒಂದು ಕಾಫಿಗಿಂತ ಹೆಚ್ಚಿಲ್ಲ.

ಯಂತ್ರವನ್ನು ಮುಚ್ಚಿ ತಟ್ಟೆಯನ್ನು ಹಾಕಿದಾಗ ನಮ್ಮಲ್ಲಿಯೂ ಆರನೆಯ ಹಾಡು ಮುಗಿದು ಏಳನೆಯದೂ ಬಂತು; ಎಂಟನೆಯದರಲ್ಲಿ ನೆರೆಮನೆಯಲ್ಲಿ ನಿಂತ ಜಾಗದಲ್ಲಿಯೇ ನಿಂತಿತು. ಉಳಿದದ್ದು ತಟ್ಟೆಯ ರೋಗ. ಬೆರಳು ತಾಗುವುದು, ತಟ್ಟೆ ಬಾಗಿದರೆ ಹೆಚ್ಚು ಏರುಪೇರಾಗುವುದು ಅಂಚಿನಲ್ಲಿಯೇ. ಕೊನೆಯ ಹಾಡುಗಳು ಇದ್ದದ್ದೂ ಅಲ್ಲಿಯೇ. ಸುಟ್ಟ ತಟ್ಟೆಯ ಬಣ್ಣದ ಪದರಕ್ಕೆ ಬಿಸಿಲು ಆಗದು. ನಾವು ಅದನ್ನು ಹತ್ತು ವರ್ಷಕ್ಕೂ ಮಿಕ್ಕು ಕಿಟಕಿಯ ಪಕ್ಕದ ಗಾಜಿನ ಬೀರುವಿನಲ್ಲಿ, ಪಾರದರ್ಶಕ ಡಬ್ಬಿಯಲ್ಲಿ, ಗೌರವದಿಂದ ಇಟ್ಟಿದ್ದೆವು. ಗೋದ್ರೆಜ್ ಬೀರುವಿನ ಕತ್ತಲೆಯಲ್ಲಿ ಅಗೌರವದಿಂದ ಇಟ್ಟಿದ್ದರೆ ಚೆನ್ನಾಗಿತ್ತು.

ಈಗ ಕಂಪ್ಯೂಟರಿನ ಸಹಾಯ ಬೇಕಾಯಿತು. ಮನೆಯ ಯಂತ್ರಕ್ಕೆ ಕಾಯುವ ವ್ಯವಧಾನವಿಲ್ಲ. ಸೆಕೆಂಡಿಗೆ 25 ಚಿತ್ರಗಳನ್ನು ಒದಗಿಸುತ್ತಲೇ ಇರಬೇಕು. ಕಂಪ್ಯೂಟರಾದರೋ ಒಂದೇ ಜಾಗವನ್ನು ನಿಧಾನವಾಗಿ ನೂರು ಸಲ ಓದಬಲ್ಲುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂತಹ ತಂತ್ರಾಂಶವೊಂದನ್ನು ಹಾಕಿಕೊಟ್ಟ. ತುಂಬಿದ ತಟ್ಟೆಯಲ್ಲಿ ಸುಮಾರು 23 ಲಕ್ಷ ಖಂಡಗಳಿರುತ್ತವೆ. ದೊರೆತ ಖಂಡಗಳಾವುವು, ದೊರೆಯದವು ಯಾವುವು ಎಂದು ಅದು ಪಟ್ಟಿ ಬರೆದುಕೊಳ್ಳುತ್ತದೆ. ಒಂದು ಡ್ರೈವಿನಲ್ಲಿ ಓದಲಾಗದ್ದನ್ನು ಬೇರೊಂದು ಡ್ರೈವಿನಲ್ಲಿ ಹಾಕಿ, ಪಟ್ಟಿಯಲ್ಲಿ ಉಳಿದವನ್ನು ಮಾತ್ರ ಮತ್ತೆ ಓದಿಸಬಹುದು. ಒಬ್ಬ ಪಂಡಿತರಿಗೆ ತಿಳಿಯದ ಅಕ್ಷರವನ್ನು ಇನ್ನೊಬ್ಬ ಪಂಡಿತರ ಮುಂದಿಟ್ಟಂತೆ. ಎರಡು ಡ್ರೈವುಗಳು, ಮೂರು ರಾತ್ರಿಗಳು. ಕೊನೆಗೆ ಒಂಬತ್ತು ಹಾಡುಗಳೂ ಬಂದವು. ಎಂಟನೆಯ ಹಾಡಿನಲ್ಲಿ 11 ಸೆಕೆಂಡು ಮಾತ್ರ ಬರಲಿಲ್ಲ. ಇಂತಹ ಎಡೆಯನ್ನು ನಾವು ಗ್ರಂಥಪಾತವೆನ್ನುತ್ತೇವೆ.

ಉಳಿದುದನ್ನು ಕಂಪ್ಯೂಟರಿನಲ್ಲಿ ಒಂದು ಪ್ರತಿ, ಮಗಳ ಮನೆಯಲ್ಲಿ ಒಂದು, ತಂಗಿಯ ಮನೆಯಲ್ಲಿ ಒಂದು ಎಂದು ಇಟ್ಟಿದ್ದೇವೆ. ಮನೆಯಲ್ಲಿ ಮದುವೆ, ಉಪನಯನಗಳ ತಟ್ಟೆಯಿರುವವರು ಅದು ಇನ್ನೂ ಓಡುತ್ತಿರುವಾಗಲೇ ಪ್ರತಿ ಮಾಡಿಸಿಕೊಳ್ಳಿ. ನಿಂತಮೇಲೆ ನನ್ನ ಹಾಗೆ ಮೂರು ರಾತ್ರಿ ಕಾಯಬೇಕಾದೀತು.

ಆ 11 ಸೆಕೆಂಡಿನ ಸಾಲು ತಂಗಿಗೆ ಬರುತ್ತದೆ, ತಾಯಿಯಿಂದಲೇ ಕಲಿತದ್ದು. ತಾನೇ ಹಾಡಿ ತುಂಬಿಕೊಡಲೇ ಎಂದಳು. ಮೂಲದಲ್ಲಿ ಸೇರಿಸುವುದು ಬೇಡವೆಂದೆ. ಅವಳ ಪಾಠದಲ್ಲಿ ಒಂದು ಮಾತು ಬೇರೆ ಇರಬಹುದೆಂದು ಅವಳಿಗೇ ಅನುಮಾನ. ಅವಳು ಇಡೀ ಹಾಡನ್ನು ಬೇರೆಯಾಗಿ ಹಾಡಿದಳು, ನಾನು ಬೇರೆಯಾಗಿ ಧ್ವನಿಮುದ್ರಿಸಿಕೊಂಡೆ, ಜೊತೆಗೆ ಈ ಸಲ ಒಂಬತ್ತು ಹಾಡುಗಳನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಎಂಟನೆಯದರಲ್ಲಿ ಆ ಜಾಗಕ್ಕೆ ಚುಕ್ಕಿಗಳನ್ನಿಟ್ಟು, ತಂಗಿಯ ಪಾಠವನ್ನು ಅಡಿಯಲ್ಲಿ ಕೊಟ್ಟಿದ್ದೇನೆ.