ಕೊಡೆಕಡ್ಡಿಯಲ್ಲಿ ಅರಳುವ ಗಂಧದ ಬಳ್ಳಿ

ಸಾಗರ, ಸೊರಬದ ಮಳೆ ಕೊಡೆಗಳನ್ನು ಬಹುಕಾಲ ಬಾಳಗೊಡುವುದಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ, ಅದರ ಬೆನ್ನಿಗೇ ಬರುವ ಗಾಳಿ, ಎರಡೂ ಸೇರಿ ಮನೆಮನೆಯಲ್ಲೂ ಒಂದೆರಡು ಕೊಡೆಗಳ ಕಡ್ಡಿ ಮುರಿದು ಮೂಲೆಗೆ ಸೇರಿಸುತ್ತವೆ. ಬಟ್ಟೆ ಹರಿದು ಕಡ್ಡಿ ಸೊಟ್ಟಗಾದ ಕೊಡೆ ಉಳಿದವರಿಗೆ ಗುಜರಿ ಸಾಮಾನು. ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಯಲ್ಲಿ ಮಾತ್ರ ಅದಕ್ಕೆ ಬೇರೆಯೇ ಮರ್ಯಾದೆ. ಅದರ ಒಂದೊಂದು ಕಡ್ಡಿಯೂ ಮುಂದೆ ಒಂದೊಂದು ಉಳಿ.

ಶ್ರೀಗಂಧದ ಪೆಟ್ಟಿಗೆ, ಗಣಪತಿ, ಅಂಬಾರಿ ಆನೆಗಳನ್ನು ನಾವೆಲ್ಲ ಕಾವೇರಿ ಮಳಿಗೆಯ ಗಾಜಿನ ಹಿಂದೆ ನೋಡಿದ್ದೇವೆ. ಅದನ್ನು ಕೆತ್ತಿದ ಕೈ ಯಾವುದು ಎಂದು ವಿಚಾರಿಸುವವರು ಕಡಿಮೆ. ಆ ಕೈ ಹಿಡಿದಿದ್ದ ಉಳಿ ಯಾವುದು, ಅದು ಎಲ್ಲಿಂದ ಬಂತು ಎಂದು ಕೇಳಿದವರಂತೂ ಇಲ್ಲವೆಂದರೂ ಸರಿ. ಅದಕ್ಕೇ ಈ ಬರಹದಲ್ಲಿ ಕೆತ್ತನೆಗಿಂತ ಉಳಿಗೆ ಹೆಚ್ಚು ಜಾಗ.

ಉಳಿಯ ಗಂಟು

ಸಾಗರದ ಹಿರಿಯ ಗುಡಿಗಾರರೊಬ್ಬರು ತಮ್ಮ ಜಗುಲಿಯಲ್ಲಿ ಕೂತು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಗಂಟನ್ನು ಬಿಚ್ಚಿದರು. ಮೊದಲು ಹೊರಬಂದದ್ದು ಬಡಗಿಗಳ ಹತ್ತಿರವೂ ಇರುವ ಸಾಮಾನು: ಗರಗಸ, ಬಾಚಿ, ಕೀಸುಳಿ, ಕೊಡತಿ, ಬೈರಿಗೆ, ಕೈವಾರ. ಅದನ್ನೆಲ್ಲ ಅವರು ಬದಿಗೆ ಸರಿಸಿಬಿಟ್ಟರು. ಒಳಗಿನ ಇನ್ನೊಂದು ಬಟ್ಟೆ ಬಿಚ್ಚುವಾಗ ಮಾತ್ರ ಕೈ ನಿಧಾನವಾಯಿತು. ಅದರಲ್ಲಿದ್ದವು ಕಿರುಬೆರಳಿಗಿಂತ ಸಪೂರವಾದ ಉಳಿಗಳು. ಕೆಲವದರ ಬಾಯಿ ಅಕ್ಕಿಕಾಳಿನಷ್ಟೂ ಅಗಲವಿಲ್ಲ.

“ಅಂಗಡೀಲಿ ಸಿಗೋದು ಬಡಗಿ ಉಳಿ ಮಾರಾಯ್ರೆ. ನಮ್ಮ ಕೆಲಸದ್ದು ನಾವೇ ಮಾಡ್ಕಬೇಕು” ಎಂದರು ಅಜ್ಜ.

ಒಂದೊಂದನ್ನೇ ಎತ್ತಿ ಅದರ ಪೂರ್ವಾಶ್ರಮ ಹೇಳುತ್ತ ಹೋದರು. ಚಪ್ಪಟೆ ಬಾಯಿಯ ದಪ್ಪ ಉಳಿ ಒಂದು ಕಾಲಕ್ಕೆ ಅರ. ಹಲ್ಲು ಸವೆದು ಕೆಲಸಕ್ಕೆ ಬಾರದೆ ಹೋದಾಗ ಇಲ್ಲಿಗೆ ಬಂತು. ಗೆರೆ ಕೊಯ್ಯುವ ಚಾಕು ಮುರಿದ ಆಕ್ಸಾ ಬ್ಲೇಡಿನ ತುಂಡು. ಮೂರ್ತಿಯ ಕಣ್ಣು ಬಿಡಿಸಲು ಬಳಸುವುದು ಹೊಲಿಗೆ ಯಂತ್ರದ ಸೂಜಿ, ಬಿದಿರಿನ ಹಿಡಿಯೊಳಗೆ ಕೂರಿಸಿದ್ದು. ಇವುಗಳ ನಡುವೆ ಕರಿಬಣ್ಣ ಅಲ್ಲಲ್ಲಿ ಇನ್ನೂ ಉಳಿದಿದ್ದ ಒಂದು ಸಾಲು ಸಣ್ಣ ಉಳಿಗಳಿದ್ದವು. ಅವೇ ಕೊಡೆಕಡ್ಡಿಗಳು.

ಕೊಡೆಕಡ್ಡಿಯೇ ಏಕೆ? ಅದರ ಆಕಾರ ನೋಡಿದರೆ ಉತ್ತರ ಸಿಗುತ್ತದೆ. ಕೊಡೆಯ ಕಡ್ಡಿ ದುಂಡು ತಂತಿಯಲ್ಲ; ಉದ್ದಕ್ಕೂ ಒಂದು ಕಡೆ ಸಣ್ಣ ಕಾಲುವೆ ತೋಡಿದಂತಿರುತ್ತದೆ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಎಂಬ ಉಕ್ಕಿನ ತಂತಿ ತಯಾರಕ 1852ರಲ್ಲಿ ಈ ಬಗೆಯ ಕಡ್ಡಿಯನ್ನು ಬಳಕೆಗೆ ತಂದ. ಕಡ್ಡಿ ಹಗುರವಾಗಿರಬೇಕು, ಬಾಗಬೇಕು, ಆದರೆ ಮುರಿಯಬಾರದು ಎಂಬುದು ಅವನ ಲೆಕ್ಕ. ನಮ್ಮ ಮಲೆನಾಡಿನ ಕೆತ್ತನೆಗಾರರಿಗೆ ಆ ಕಾಲುವೆಯಲ್ಲಿ ಇನ್ನೇನೋ ಕಂಡಿತು. ಕಡ್ಡಿಯನ್ನು ಅಡ್ಡಕ್ಕೆ ತುಂಡರಿಸಿ ತುದಿಯನ್ನು ಓರೆಯಾಗಿ ಸಾಣೆ ಹಿಡಿದರೆ, ಅಲ್ಲಿ ತಾನಾಗಿಯೇ ಬಾಗಿದ ಬಾಯಿಯ ಉಳಿ ಹುಟ್ಟುತ್ತದೆ. ಬಳ್ಳಿಯ ನಾಳ, ಎಲೆಯ ನಡುನರ, ನವಿಲುಗರಿಯ ಎಳೆ, ಸರಸ್ವತಿಯ ಸೀರೆಯ ನೆರಿಗೆ, ಇಂಥವನ್ನೆಲ್ಲ ಬಿಡಿಸಲು ಬೇಕಾದ್ದು ಅದೇ ಬಾಯಿ. ಉಕ್ಕಿನ ಹಾಳೆಯನ್ನು ಇಷ್ಟು ಸಣ್ಣದಾಗಿ ಬಗ್ಗಿಸಿ ಉಳಿ ಮಾಡಬೇಕೆಂದರೆ ಅಕ್ಕಸಾಲಿಗನಿಗೂ ಕಷ್ಟ. ಕೊಡೆಯಲ್ಲಿ ಅದು ಸಿದ್ಧವಾಗಿಯೇ ಇದೆ.

ಸಿದ್ಧವಾಗಿದೆ ಎಂದರೆ ಕೆಲಸ ಮುಗಿಯಿತು ಎಂದಲ್ಲ. ಮೊದಲು ಬಣ್ಣ, ತುಕ್ಕು ತೆಗೆಯಬೇಕು. ಇದ್ದಿಲ ಕೆಂಡದಲ್ಲಿಟ್ಟು ಸೊಟ್ಟ ತಿದ್ದಬೇಕು. ಬಾಯಿಯನ್ನು ಅರದಿಂದ ರೂಪಿಸಿ, ತುದಿಯನ್ನು ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು. ಆಗ ಉಕ್ಕು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಹಾಗೇ ಬಳಸಿದರೆ ಗಂಧದ ಒಂದು ಗಂಟು ಸಿಕ್ಕಿದರೆ ಸಾಕು, ಬಾಯಿ ಮುಕ್ಕಾಗುತ್ತದೆ. ಆದ್ದರಿಂದ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಕಾವಿಗೆ ಹಿಡಿಯಬೇಕು. ಉಕ್ಕಿನ ಮೈ ಒಣಹುಲ್ಲಿನ ಹಳದಿಗೆ ತಿರುಗುವ ಕ್ಷಣಕ್ಕೆ ಸರಿಯಾಗಿ ಕಾವಿನಿಂದ ತೆಗೆದು ನೀರಿಗೆ ಹಾಕಬೇಕು. ಹಳದಿ ದಾಟಿ ನೀಲಿಗೆ ಹೋಯಿತೆಂದರೆ ಉಳಿ ಮೆತ್ತಗಾಯಿತೆಂದೇ ಲೆಕ್ಕ; ಕೆತ್ತುವಾಗ ಬಾಯಿ ಮಡಚಿಕೊಳ್ಳುತ್ತದೆ. ಈ ಹದ ನೋಡಲು ಅಜ್ಜನ ಬಳಿ ಯಾವ ಮಾಪಕವೂ ಇಲ್ಲ. ನೆರಳಿನಲ್ಲಿ ಕೂತು ಬಣ್ಣ ನೋಡುತ್ತಾರೆ, ಬಿಸಿಲಲ್ಲಿ ಕೂತರೆ ಕಣ್ಣು ಮೋಸ ಹೋಗುತ್ತದಂತೆ.

ಕೊನೆಗೆ ಹಿಡಿ. ಅಂಗೈಯ ಗುಳಿಗೆ ಕೂರುವ ಹಾಗೆ, ಹೆಬ್ಬೆರಳು ಎಲ್ಲಿ ಒತ್ತುತ್ತದೋ ಅಲ್ಲಿ ತುಸು ತಗ್ಗು ಇರುವ ಹಾಗೆ, ಮರದಲ್ಲೋ ಬಿದಿರಿನಲ್ಲೋ ಅದನ್ನೂ ಅವರೇ ಮಾಡಿಕೊಳ್ಳುತ್ತಾರೆ. ಈ ಸಣ್ಣ ಉಳಿಗಳಿಗೆ ಕೊಡತಿಯ ಪೆಟ್ಟಿಲ್ಲ. ಬಲಗೈ ತಳ್ಳುತ್ತದೆ, ಎಡಗೈ ಹೆಬ್ಬೆರಳು ತಡೆಯುತ್ತದೆ. ತಳ್ಳುವ ಕೈಗಿಂತ ತಡೆಯುವ ಬೆರಳಿಗೇ ಕೆಲಸ ಹೆಚ್ಚು. ಆ ಹೆಬ್ಬೆರಳ ತುದಿ ಅಜ್ಜನಿಗೆ ಕಾಯಿಕಟ್ಟಿ ಹೊಳೆಯುತ್ತದೆ. ಒಬ್ಬರು ಮಾಡಿಕೊಂಡ ಉಳಿ ಇನ್ನೊಬ್ಬರ ಕೈಗೆ ಸುಲಭಕ್ಕೆ ಒಗ್ಗದಿರುವುದೂ ಇದೇ ಕಾರಣಕ್ಕೆ.

ಗೋವೆಯಿಂದ ಬಂದವರು

ಗುಡಿಗಾರರ ಹಿರಿಯರು ಗೋವೆಯಿಂದ ಬಂದವರು, ಪೋರ್ಚುಗೀಸರ ಮತಾಂತರದ ಒತ್ತಡಕ್ಕೆ ಊರು ಬಿಟ್ಟು ಘಟ್ಟ ಹತ್ತಿದವರು ಎಂಬುದು ಮನೆಗಳಲ್ಲಿ ಹೇಳಿಕೊಂಡು ಬಂದ ಕಥೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲೂ ಇದೇ ಮಾತಿದೆ. ಸಾಗರ, ಸೊರಬ ಅಲ್ಲದೆ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆಯೂ ಇವರ ಮನೆಗಳಿವೆ. ಗಂಧ ಇವರ ಹೆಸರಿಗೆ ಅಂಟಿಕೊಂಡಿದ್ದರೂ ಹೊಟ್ಟೆ ತುಂಬಿಸಿದ್ದು ಅದೊಂದೇ ಅಲ್ಲ. ಮದುವೆಗೆ ಬೆಂಡಿನ ಬಾಸಿಂಗ, ಜಾತ್ರೆಗೆ ಮರದ ಗೊಂಬೆ, ದೇವರ ಮೂರ್ತಿಗೆ ಬಣ್ಣ, ಯಕ್ಷಗಾನಕ್ಕೆ ಹಗುರ ಮರದ ಆಭರಣ, ಎಲ್ಲವೂ ಇವರ ಕೈಕೆಲಸ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗಳ ಸೀಮೆಯಲ್ಲಿ ಮರ, ಬಣ್ಣ ಬಲ್ಲವರಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ.

1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ, ಕಾವೇರಿ ಮಳಿಗೆಗಳ ಮೂಲಕ ಇವರ ಗಂಧದ ಕೆತ್ತನೆಗೆ ದೊಡ್ಡ ಪೇಟೆ ತೆರೆಯಿತು. ರಾಷ್ಟ್ರಪ್ರಶಸ್ತಿ ಪಡೆದವರೂ ಈ ಸಮುದಾಯದಲ್ಲಿದ್ದಾರೆ.

ಕಾಗದ ಅಂಟಿಸಿ, ನೆಲ ಇಳಿಸಿ

ಕೆತ್ತನೆಯ ಕ್ರಮ ಹೇಳುವುದಕ್ಕೆ ಸರಳ. ಗಂಧದ ಚೇಗನ್ನು ಕೊಯ್ದು, ಕೀಸಿ, ಮೈ ನಯ ಮಾಡುತ್ತಾರೆ. ಬಿಳಿ ಕಾಗದದಲ್ಲಿ ಬರೆದ ಚಿತ್ತಾರವನ್ನು ಅದರ ಮೇಲೆ ಅಂಟಿಸುತ್ತಾರೆ, ಇಲ್ಲವೇ ಮರದ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಗೆರೆಯ ಗುಂಟ ಚೂಪು ಮೊನೆಯಿಂದ ಕೊಯ್ದುಕೊಂಡು ಹೋಗಿ, ಆಮೇಲೆ ಚಿತ್ರದ ಸುತ್ತಲಿನ ಮರವನ್ನು ತೆಗೆದು “ನೆಲ” ಇಳಿಸುತ್ತಾರೆ. ಚಿತ್ರ ಮೇಲೆದ್ದು ನಿಲ್ಲುತ್ತದೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ.

ಅಜ್ಜ ಅಂದು ಕೆತ್ತುತ್ತಿದ್ದುದು ಪೆಟ್ಟಿಗೆಯ ಮುಚ್ಚಳದ ಅಂಚಿನ ಬಳ್ಳಿ. ಎಲೆಯ ಮೇಲ್ಭಾಗ ಮುಗಿದಿತ್ತು. ಈಗ ಅವರು ಎಲೆಯ ಅಡಿಗೆ ಉಳಿ ತೂರಿಸಿ ಅಲ್ಲಿನ ಮರ ತೆಗೆಯುತ್ತಿದ್ದರು. ಹಾಗೆ ತೆಗೆದಾಗ ಎಲೆ ನೆಲಕ್ಕೆ ಅಂಟಿಕೊಳ್ಳದೆ ತುದಿಯಲ್ಲಿ ಬಿಟ್ಟುಕೊಂಡು ನಿಲ್ಲುತ್ತದೆ, ಅದರ ನೆರಳು ಕೆಳಗೆ ಬೀಳುತ್ತದೆ. ಕೊಡೆಕಡ್ಡಿಯ ಉಳಿ ಒಳಹೊಕ್ಕು ಒಂದು ಸಲ ಹೊರಬಂದರೆ ಬರುವುದು ಉಗುರಿನ ಚೂರಿನಷ್ಟು ಸಿಪ್ಪೆ. ಆ ಸಿಪ್ಪೆಯನ್ನೂ ಊದಿ ಹಾರಿಸುವುದಿಲ್ಲ. ಬಟ್ಟೆಯ ಮೇಲೆ ಬಿದ್ದದ್ದನ್ನೆಲ್ಲ ಕೂಡಿಟ್ಟುಕೊಳ್ಳುತ್ತಾರೆ. ಗಂಧದ ಪುಡಿಗೂ ಬೆಲೆಯಿದೆ. ನಡುವೆ ಉಳಿಯನ್ನು ಸಾಣೆಕಲ್ಲಿಗೆ ಎಳೆದು, ಉಗುರಿನ ಮೇಲೆ ಇಟ್ಟು ನೋಡುತ್ತಾರೆ. ಜಾರಿದರೆ ಮತ್ತೆ ಸಾಣೆ, ಕಚ್ಚಿಕೊಂಡರೆ ಸರಿ.

ಗಂಧ ಒತ್ತಾದ, ನಯವಾದ ಎಳೆಯ ಮರ. ಕೂದಲೆಳೆಯಂಥ ಗೆರೆಯನ್ನೂ ಹಿಡಿದಿಡುತ್ತದೆ. ಆದರೆ ಎಳೆಗೆ ಎದುರಾಗಿ ಉಳಿ ಹೋಯಿತೋ, ಚಕ್ಕೆ ಹಾರುತ್ತದೆ. ಗಣಪತಿಯ ಸೊಂಡಿಲಿನ ತುದಿ ಹಾರಿದರೆ ಅಂಟಿಸಿ ಮಾರುವ ಹಾಗಿಲ್ಲ. ಆದ್ದರಿಂದ ಉಳಿ ಮೊಂಡಾಗಬಾರದು, ಕೈ ಅವಸರ ಪಡಬಾರದು. ಮುಗಿದ ಮೇಲೆ ಅರಗೂ ಬೇಡ, ವಾರ್ನಿಶೂ ಬೇಡ. ಉಜ್ಜಿ ನಯ ಮಾಡಿದರೆ ಮರದ ಎಣ್ಣೆಯೇ ಹೊಳಪು ಕೊಡುತ್ತದೆ.

ಮರವೇ ಇಲ್ಲದಿದ್ದರೆ

ಶ್ರೀಗಂಧ ರಾಜವೃಕ್ಷವಾದದ್ದು 1792ರಲ್ಲಿ, ಟಿಪ್ಪುವಿನ ಆಜ್ಞೆಯಿಂದ. ಅಂದಿನಿಂದ ಎರಡು ಶತಮಾನ ಮರ ಯಾರ ಹಿತ್ತಲಲ್ಲಿ ಬೆಳೆದರೂ ಸರ್ಕಾರದ್ದೇ. ಹಿತ್ತಲಲ್ಲಿ ಗಂಧದ ಸಸಿ ಕಂಡರೆ ರೈತ ಸಂತೋಷಪಡುವ ಬದಲು ಹೆದರುತ್ತಿದ್ದ ಕಾಲ ಅದು. 1899ರಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಮರಗಳನ್ನು ತಿಂದಿತು. ಕಳ್ಳಸಾಗಣೆ ಉಳಿದದ್ದನ್ನು ಖಾಲಿ ಮಾಡಿತು. 2001ರಲ್ಲಿ ರಾಜ್ಯದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಸ್ವಂತ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನಾದ. ಈಗ ತೊಗರಿಯಂಥ ಆಸರೆ ಗಿಡಗಳ ಪಕ್ಕದಲ್ಲಿ ಗಂಧ ನೆಡುವವರು ಹೆಚ್ಚುತ್ತಿದ್ದಾರೆ. ಬೇರೆ ಗಿಡದ ಬೇರಿನಿಂದ ಸ್ವಲ್ಪ ಆಹಾರ ಎಳೆದುಕೊಂಡೇ ಬದುಕುವ ಮರ ಅದು. ಆದರೆ ಒಳಗೆ ಚೇಗು ಕಟ್ಟಿ, ಕೆತ್ತನೆಗೆ ಬರುವಷ್ಟು ದಪ್ಪವಾಗಲು ದಶಕಗಳೇ ಬೇಕು. ಸಾಬೂನಿಗೂ ಎಣ್ಣೆಗೂ ಸಿಗುವ ಬೆಲೆಯ ಮುಂದೆ ಕೆತ್ತನೆಗಾರನ ಪಾಲಿಗೆ ಬರುವುದು ಎಷ್ಟು ಎಂಬುದು ಅಜ್ಜನ ಪ್ರಶ್ನೆ.

ಆ ಗಂಧ ಬಲಿಯುವವರೆಗೆ ಗುಡಿಗಾರರು ಶಿವನೆ ಮರದಲ್ಲಿ ಕೆತ್ತುತ್ತಾರೆ. ಶಿವನೆ ಹಗುರ, ಕೆತ್ತಲು ಸಲೀಸು, ಬಿರುಕು ಬಿಡುವುದು ಕಡಿಮೆ. ಕೊಳ್ಳುವವರಿಗೂ ಕೈಗೆಟುಕುತ್ತದೆ. ಆದರೆ ಕೂದಲೆಳೆಯ ಕೆಲಸವನ್ನು ಗಂಧದಷ್ಟು ಅದು ತಾಳುವುದಿಲ್ಲ. ದಪ್ಪ ಕೆತ್ತನೆ ಹೆಚ್ಚಾದಂತೆ ಸಣ್ಣ ಉಳಿಗಳು ಗಂಟಿನಲ್ಲೇ ಉಳಿಯುತ್ತವೆ. ಬಳಸದ ಉಳಿಗೆ ಮಲೆನಾಡಿನ ತೇವದಲ್ಲಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು.

ಇತ್ತ ಸಿಎನ್‌ಸಿ ಯಂತ್ರಗಳು ಬಂದಿವೆ. ಬಾಗಿಲು, ದೇವರ ಮಂಟಪ, ಮಂಚದ ತಲೆಹಲಗೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರದಂತೆ ಬೇಗ ಕೊರೆದು ಕೊಡುತ್ತವೆ. ಅದು ತಪ್ಪಲ್ಲ, ಅನೇಕರ ಮನೆಗೆ ಕೆತ್ತನೆಯ ಬಾಗಿಲು ಬಂದದ್ದೇ ಅದರಿಂದ. ಆದರೆ ಸುತ್ತುವ ಕೊರೆ ದುಂಡಗಿರುತ್ತದೆ, ಒಳಮೂಲೆಯನ್ನು ಚೂಪಾಗಿ ಬಿಡಿಸಲಾರದು. ಮೇಲಿನಿಂದ ಇಳಿದು ಕೊರೆಯುವುದರಿಂದ, ಸಾಮಾನ್ಯ ಯಂತ್ರಕ್ಕೆ ಎಲೆಯ ಅಡಿಗೆ ಹೋಗಲು ದಾರಿಯಿಲ್ಲ. ಕೈಕೆತ್ತನೆಯನ್ನು ಗುರುತಿಸಬೇಕೆನ್ನುವವರು ಇವೆರಡನ್ನು ನೋಡಿದರೆ ಸಾಕು: ಒಳಮೂಲೆ, ಎಲೆಯಡಿಯ ನೆರಳು.

ಉಳಿಗೆ ಲೆಕ್ಕವಿಲ್ಲ

ಚನ್ನಪಟ್ಟಣದ ಗೊಂಬೆಗೆ, ಮೈಸೂರಿನ ಬೀಟೆ ಮರದ ಕೆತ್ತಿಕೂರಿಸುವ ಕೆಲಸಕ್ಕೆ, ಕೊಪ್ಪಳದ ಕಿನ್ನಾಳ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಬೇಕಾದದ್ದೇ. ಆದರೆ ನಮ್ಮ ಮಾನ್ಯತೆ, ಪ್ರಶಸ್ತಿ, ಪ್ರದರ್ಶನ ಎಲ್ಲವೂ ಮುಗಿದ ವಸ್ತುವಿನ ಸುತ್ತಲೇ ಇವೆ. ಗಂಧದ ಪೆಟ್ಟಿಗೆಯನ್ನು ವಸ್ತುಸಂಗ್ರಹಾಲಯ ನೂರು ವರ್ಷ ಕಾಪಾಡುತ್ತದೆ, ಅದನ್ನು ಕೆತ್ತಿದ ಉಳಿಗಳು ಮಾತ್ರ ಕೆತ್ತಿದವರು ತೀರಿಕೊಂಡ ಮೇಲೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಅಂಗಡಿಯಲ್ಲಿ ಸಿಗದ, ಯಾರೂ ನಕ್ಷೆ ಬರೆದಿಡದ ಉಪಕರಣ ಅದು. ಅದರ ಜೊತೆಗೆ ಹೋಗುವುದು ಬರಿಯ ಕಬ್ಬಿಣವಲ್ಲ. ಯಾವ ಉಕ್ಕಿಗೆ ಯಾವ ಹದ, ಯಾವ ಬಾಯಿಗೆ ಯಾವ ಓರೆ ಎಂಬ ತಲೆಮಾರುಗಳ ತಿಳಿವಳಿಕೆ.

ಅಜ್ಜನ ಮಗ ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅದರ ಬಗ್ಗೆ ಅಜ್ಜನಿಗೆ ಬೇಸರವಿಲ್ಲ. “ಓದ್ಸಿದ್ದೇ ಅದಕ್ಕೆ ಅಲ್ದಾ” ಎನ್ನುತ್ತಾರೆ. ಆದರೆ ಕಲಿಯಲು ಬರುವ ಹುಡುಗರ ವಿಷಯ ಬಂದಾಗ ದನಿ ಬದಲಾಗುತ್ತದೆ. ತರಬೇತಿಗೆ ಬಂದವರಿಗೆ ಸಿದ್ಧ ಉಳಿ ಕೊಟ್ಟು ಕೂರಿಸಿದರೆ ಕೆತ್ತುವುದನ್ನು ಕಲಿಯುತ್ತಾರೆ, ಉಳಿ ಮುರಿದ ದಿನ ಕೈಕಟ್ಟಿ ಕೂರುತ್ತಾರೆ ಎಂಬುದು ಅವರ ಅನುಭವ. ಅವರು ಕಲಿತ ಕಾಲದಲ್ಲಿ ಮೊದಲು ಹಿಡಿಸುತ್ತಿದ್ದುದು ಸಾಣೆಕಲ್ಲು, ಮರವಲ್ಲ.

ಈ ಮಾತಿನಲ್ಲಿ ಒಂದು ಪಠ್ಯಕ್ರಮವೇ ಇದೆ. ಕರಕುಶಲ ತರಬೇತಿ ನಡೆಸುವ ಸಂಸ್ಥೆಗಳು ಉಳಿ ಮಾಡುವುದನ್ನು ಮೊದಲ ಪಾಠ ಮಾಡಬೇಕು. ಹಿರಿಯರು ಇರುವಾಗಲೇ ಅವರ ಉಳಿಗಳ ಅಳತೆ, ಆಕಾರ, ಉಪಯೋಗವನ್ನು ಚಿತ್ರ ಸಹಿತ ದಾಖಲಿಸಬೇಕು. ಇದಕ್ಕೆ ಬೇಕಾಗುವುದು ದೊಡ್ಡ ಅನುದಾನವಲ್ಲ, ಆಸಕ್ತಿ ಇರುವ ಒಂದಿಬ್ಬರು. ಜಾನಪದ ವಸ್ತುಸಂಗ್ರಹಾಲಯಗಳು ಕೆತ್ತನೆಯ ಪಕ್ಕದಲ್ಲೇ ಅದರ ಉಳಿಗಂಟನ್ನೂ ಇಡಬೇಕು. ರೈತರ ಗಂಧ ಕಟಾವಿಗೆ ಬರುವ ಹೊತ್ತಿಗೆ ಅದರಲ್ಲಿ ಒಂದು ಪಾಲು ಕೆತ್ತುವ ಕೈಗಳಿಗೆ ನ್ಯಾಯವಾದ ಬೆಲೆಯಲ್ಲಿ ಸಿಗುವಂತೆ ಈಗಲೇ ಯೋಚಿಸಬೇಕು.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ ಅಜ್ಜನದೋ ಮುತ್ತಜ್ಜನದೋ ಉಳಿ, ಬಾಚಿ, ಕೀಸುಳಿಗಳ ಪೆಟ್ಟಿಗೆ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಇಡಿ, ಇಲ್ಲವೇ ಕೆಲಸ ಬಲ್ಲವರಿಗೆ ಕೊಡಿ. ಸಾಗರ, ಸೊರಬದ ಕಡೆ ಹೋದಾಗ ಜೋಗ ನೋಡಿ ತಿರುಗಿ ಬರುವ ಮೊದಲು ಗುಡಿಗಾರರ ಮನೆಯೊಂದಕ್ಕೆ ಹೋಗಿ ಬನ್ನಿ. ಕೊಳ್ಳುವ ಶಕ್ತಿಯಿದ್ದರೆ ಶಿವನೆಯದಾದರೂ ಒಂದು ಕೈಕೆತ್ತನೆ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ. ಕೆತ್ತುವವರಿಗೆ ಕೆಲಸ ಸಿಗುತ್ತಿದ್ದರೆ ಮಾತ್ರ ಉಳಿಗೆ ಸಾಣೆ ಸಿಗುತ್ತದೆ.